ಪದಚರ್ಚೆ: ಗಾಡಿ ‘ಕೂತಿದೆ’, ‘ತಗ್ಗಿಸಿದ್ದಾರೆ’, ‘ಜಗ್ಗುತ್ತೆ’ – ಲೋವರಿಂಗ್ ಸ್ಪ್ರಿಂಗ್ ಕೆಲಸಕ್ಕೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ.

ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳಿಗೆ ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರಿನ ಎತ್ತರ ಕಡಿಮೆ ಮಾಡುವ ಸ್ಪ್ರಿಂಗ್ ಹಾಕುತ್ತಾರಲ್ಲ, ಆ ಕೆಲಸದ ಮಾತುಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು. ಸ್ಪ್ರಿಂಗಿಗೆ ಹೊಸ ಪದ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ. ಸ್ಪ್ರಿಂಗ್, ನಟ್ಟು, ಬೋಲ್ಟು ಎಲ್ಲ ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ನಾನು ಹುಡುಕುತ್ತಿರುವುದು ಕ್ರಿಯಾಪದಗಳನ್ನು. ಕಾರಿನ ಮೈ ನೆಲಕ್ಕೆ ಹತ್ತಿರ ಬರಲಿ ಅಂತ ಬೇಕೆಂದೇ ಮಾಡುವ ಕೆಲಸಕ್ಕೆ ಏನನ್ನಬೇಕು? ಸ್ಪ್ರಿಂಗ್ ಸೋತು ಕಾರು ತಾನಾಗಿ ಕೆಳಗೆ ಬಂದಿದ್ದರೆ ಏನನ್ನಬೇಕು? ಎರಡಕ್ಕೂ ಈಗ ಒಂದೇ ಮಾತು ಓಡಾಡುತ್ತಿದೆ. ಅದು ‘ಕೂರು’.

ಹುಬ್ಬಳ್ಳಿಯಲ್ಲಿ ಗೆಳೆಯರೊಬ್ಬರ ಗ್ಯಾರೇಜಿದೆ. ಅಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿಗೆ ಬರುವ ಸ್ವಿಫ್ಟ್, ಪೋಲೋ, ಐ20 ಎಲ್ಲದರ ಜೋಡಣೆ ಹೆಚ್ಚೂಕಡಿಮೆ ಒಂದೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರಿನ (ಸ್ಪ್ರಿಂಗಿನ ಕುಣಿತ ನಿಲ್ಲಿಸುವ ಕೊಳವೆಯ) ಸುತ್ತಲೇ ಸ್ಪ್ರಿಂಗ್ ಸುತ್ತಿಕೊಂಡಿರುತ್ತೆ. ಹಿಂದೆ ಎರಡು ಚಕ್ರವನ್ನೂ ಜೋಡಿಸುವ ಟಾರ್ಷನ್ ಬೀಮ್, ಅದರ ಮೇಲೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಹಾಗಾಗಿ ಒಂದೇ ಅಧ್ಯಾಯದಲ್ಲಿ ಎಲ್ಲ ಕಾರಿಗೂ ಆಗುವಂತೆ ಬರೆಯಬಹುದು. ಬರೆಯಲು ಕೂತಾಗ ಮಾತು ಕೈಕೊಡುತ್ತಿದೆ.

ಮೊದಲು ‘ಕೂರು’ ನೋಡಿ. ಗಿರಾಕಿ ಬಂದು ‘ಹಿಂದೆ ಗಾಡಿ ಕೂತ್ಬಿಟ್ಟಿದೆ’ ಅಂದರೆ ಸ್ಪ್ರಿಂಗ್ ದಣಿದಿದೆ ಅಂತ ಅರ್ಥ. ಇದು ಹಳೆಯ, ಗಟ್ಟಿ ಬಳಕೆ. ಅಡಿಪಾಯ ಕೂತಿದೆ, ರಸ್ತೆ ಕೂತಿದೆ ಅನ್ನುತ್ತೇವಲ್ಲ, ಅದೇ ದಾರಿಯದು. ಕಟ್ಟಿದ ವಸ್ತು ತಾನಾಗಿ ಕೂತರೆ ಅದು ದೋಷ. ಆದರೆ ಮೆಕ್ಯಾನಿಕ್ ‘ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ’ ಅಂದರೆ ಅರ್ಥ ಬೇರೆ. ಸ್ಪ್ರಿಂಗಿನ ತುದಿ ಕೆಳಗಿನ ಸೀಟಿನ (ಸ್ಪ್ರಿಂಗ್ ನಿಲ್ಲುವ ತಟ್ಟೆಯ) ಗುರುತಿಗೆ ತಾಗಿ ನಿಂತಿಲ್ಲ ಅಂತ. ಇಲ್ಲಿ ಕೂರುವುದು ಒಳ್ಳೆಯದು, ಕೂರದಿರುವುದು ದೋಷ! ಇನ್ನು ಹೊಸ ಸ್ಪ್ರಿಂಗ್ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಅದು ಕೆಲವು ಮಿಲಿಮೀಟರ್ ಇಳಿದು ಒಂದು ಎತ್ತರಕ್ಕೆ ನಿಲ್ಲುತ್ತೆ. ಅದಕ್ಕೂ ‘ಕೂರಲಿ ಬಿಡಿ, ಆಮೇಲೆ ಅಲೈನ್‌ಮೆಂಟ್ ಮಾಡೋಣ’ ಅನ್ನುತ್ತಾರೆ. ಕಾರು ತಗ್ಗಿಸುವ ಹುಚ್ಚಿರುವ ಹುಡುಗರು ಕೆಲಸ ಮುಗಿದ ಕಾರನ್ನು ನೋಡಿ ‘ಸಖತ್ತಾಗಿ ಕೂತಿದೆ’ ಅನ್ನುವುದು ನಾಲ್ಕನೆಯದು.

ಬಾಯಿಮಾತಿನಲ್ಲಿ ಇದರಿಂದ ತೊಂದರೆ ಇಲ್ಲ. ಎದುರಿಗೆ ಕಾರಿರುತ್ತೆ, ಕೈಯಲ್ಲಿ ಸ್ಪ್ರಿಂಗಿರುತ್ತೆ. ಬರಹದಲ್ಲಿ ಹಾಗಲ್ಲ. ಒಂದೇ ಪುಟದಲ್ಲಿ ‘ಸ್ಪ್ರಿಂಗ್ ಕೂರಬೇಕು’, ‘ಸ್ಪ್ರಿಂಗ್ ಕೂರಬಾರದು’ ಎರಡೂ ಬಂದರೆ ಕಲಿಯುವ ಹುಡುಗ ಏನು ಮಾಡಬೇಕು? ಅದಕ್ಕೇ ನಾನು ‘ಕೂರು’ ಅನ್ನುವುದನ್ನು ಸೀಟಿಗೆ ಮಾತ್ರ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇನೆ. ಸೋತ ಸ್ಪ್ರಿಂಗಿಗೆ ‘ಸೋತಿದೆ’ ಅಂತಲೇ ಬರೆಯುವುದು. ಬೇಕೆಂದು ಮಾಡಿದ್ದಕ್ಕೆ ‘ತಗ್ಗಿಸು’.

‘ತಗ್ಗಿಸು’ ನನಗೆ ತುಂಬ ಹಿಡಿಸಿದ ಮಾತು. ತಲೆ ತಗ್ಗಿಸು, ದನಿ ತಗ್ಗಿಸು, ಖರ್ಚು ತಗ್ಗಿಸು. ಎಲ್ಲ ಕಡೆಯೂ ಒಬ್ಬರು ಬೇಕೆಂದು ಮಾಡುವ ಕೆಲಸ. ತಾನಾಗಿ ಆಗುವುದಕ್ಕೆ ಅದು ಬರುವುದಿಲ್ಲ. ಎಷ್ಟು ಅನ್ನುವ ಅಳತೆಯೂ ಅದಕ್ಕೆ ಸಲೀಸಾಗಿ ಒಗ್ಗುತ್ತೆ: ‘ಕಾರನ್ನು 30 ಮಿ.ಮೀ. ತಗ್ಗಿಸಿ’. ‘ಇಳಿಸು’ ಅಷ್ಟು ಚೆನ್ನಾಗಿ ಬರುವುದಿಲ್ಲ. ‘ಕಾರು ಇಳಿಸಿದ’ ಅಂದರೆ ಜಾಕಿಯಿಂದ ಇಳಿಸಿದ ಅಂತಲೇ ಗ್ಯಾರೇಜಿನಲ್ಲಿ ಕೇಳಿಸುವುದು, ಮತ್ತೆ ಈ ಕೆಲಸದಲ್ಲಿ ಜಾಕಿ ಹತ್ತಿಸಿ ಇಳಿಸುವುದು ಪದೇ ಪದೇ ಬರುತ್ತೆ.

ತೊಡಕು ಬಂದಿದ್ದು ನಾಮಪದ ಮಾಡುವಾಗ. ‘ತಗ್ಗು ಸ್ಪ್ರಿಂಗ್’ ಅಂತ ಬರೆದು ಹುಬ್ಬಳ್ಳಿಯ ಹುಡುಗರಿಗೆ ತೋರಿಸಿದೆ. ‘ತಗ್ಗಿನ್ ರೋಡಿಗೆ ಹಾಕೂ ಸ್ಪ್ರಿಂಗೇನ್ರಿ?’ ಅಂತ ಒಬ್ಬ ಕೇಳಿದ. ಕೇಳಿದ್ದು ಸರಿ. ಆ ಕಡೆ ತಗ್ಗು ಅಂದರೆ ರಸ್ತೆಯ ಗುಂಡಿ. ಗುಂಡಿ ರಸ್ತೆಗೆ ಹೇಳಿ ಮಾಡಿಸಿದ್ದು ಅಂತ ಓದಿದರೆ ಅರ್ಥ ಪೂರಾ ಉಲ್ಟಾ. ಬೆಂಗಳೂರು, ಮೈಸೂರಿನ ಕಡೆ ಈ ಗೊಂದಲ ಆಗದಿರಬಹುದು. ಆದರೆ ಕೈಪಿಡಿ ಇರುವುದೇ ಹುಬ್ಬಳ್ಳಿಯವರಿಗೆ.

‘ಗಿಡ್ಡ ಸ್ಪ್ರಿಂಗ್’ ಅಂದರೆ ಹೇಗೆ ಅಂತ ಗೆಳೆಯರು ಕೇಳಿದರು. ಕೇಳೋಕೆ ಚೆನ್ನಾಗಿದೆ, ಆದರೆ ಎರಡು ಕಾರಣಕ್ಕೆ ನನಗೆ ಒಪ್ಪಿಗೆ ಇಲ್ಲ. ಎಲ್ಲ ಲೋವರಿಂಗ್ ಸ್ಪ್ರಿಂಗೂ ನೋಡಲು ಗಿಡ್ಡ ಇರುವುದಿಲ್ಲ. ಕೆಲವದರಲ್ಲಿ ಒಂದು ತುದಿಯ ಸುತ್ತುಗಳು ಒತ್ತೊತ್ತಾಗಿರುತ್ತವೆ. ಕಾರಿನ ಭಾರ ಬಿದ್ದ ಕೂಡಲೇ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಳಿದ ಸುತ್ತುಗಳು ಮಾತ್ರ ಕೆಲಸ ಮಾಡುತ್ತವೆ. ಕೈಯಲ್ಲಿ ಹಿಡಿದಾಗ ಅದು ಕಂಪನಿಯ ಸ್ಪ್ರಿಂಗಿನಷ್ಟೇ ಉದ್ದ ಕಾಣಬಹುದು. ಲೆಕ್ಕಕ್ಕೆ ಬರುವುದು ಭಾರ ಹೊತ್ತಾಗಿನ ಉದ್ದ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸಿ ಹಾಕುವವರಿದ್ದಾರೆ. ಅದೂ ಗಿಡ್ಡವೇ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ, ಕತ್ತರಿಸಿದ್ದೂ ಸರಿಯಾದ ದಾರಿಯೇ ಅಂತ ಓದುವವರಿಗೆ ಅನ್ನಿಸುತ್ತೆ. ಅದು ಸರಿಯಲ್ಲ. ಕತ್ತರಿಸಿದ ತುದಿ ಸೀಟಿನಲ್ಲಿ ನೆಟ್ಟಗೆ ಕೂರುವುದಿಲ್ಲ. ಚಕ್ರ ಗುಂಡಿಗಿಳಿದು ಪೂರಾ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಸೀಟು ಬಿಟ್ಟು ಸರಿಯಬಹುದು. ತಯಾರಾಗಿ ಬರುವ ಒಳ್ಳೆಯ ಲೋವರಿಂಗ್ ಸ್ಪ್ರಿಂಗನ್ನು ಚಕ್ರ ಜೋತುಬಿದ್ದಾಗಲೂ ಬಿಗಿಯಾಗಿ ನಿಲ್ಲುವಂತೆ ಮಾಡಿರುತ್ತಾರೆ. ಈ ವ್ಯತ್ಯಾಸ ಹೆಸರಲ್ಲೇ ಕಾಣಬೇಕು. ಹಾಗಾಗಿ ಸದ್ಯಕ್ಕೆ ‘ಲೋವರಿಂಗ್ ಸ್ಪ್ರಿಂಗ್’, ‘ಕತ್ತರಿಸಿದ ಸ್ಪ್ರಿಂಗ್’ ಅಂತ ಬೇರೆ ಬೇರೆಯಾಗಿಯೇ ಬರೆದಿದ್ದೇನೆ.

ಈಗ ನನ್ನ ಇನ್ನೊಂದು ಪ್ರಶ್ನೆ. ನಿಜ ಹೇಳಬೇಕೆಂದರೆ ಇದೇ ನನಗೆ ಜಾಸ್ತಿ ಕಾಡಿದ್ದು. ಲೋವರಿಂಗ್ ಸ್ಪ್ರಿಂಗ್ ಕಾರನ್ನು ತಗ್ಗಿಸುವುದಷ್ಟೇ ಅಲ್ಲ, ಅದೇ ಭಾರಕ್ಕೆ ಕಡಿಮೆ ಅದುಮಿಕೊಳ್ಳುತ್ತೆ ಕೂಡ. ಚಕ್ರ ಮೇಲೆ ಕೆಳಗೆ ಆಡಲು ಜಾಗ ಕಡಿಮೆಯಾಗಿರುವಾಗ ಹಾಗೆ ಮಾಡದಿದ್ದರೆ ಪ್ರತಿ ಹಂಪಿಗೂ ಆ ಆಟದ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೆ ಹೋಗಿ ಹೊಡೆಯುತ್ತೆ. ಈ ಗುಣಕ್ಕೆ ಕನ್ನಡದಲ್ಲಿ ಏನು ಹೇಳುವುದು? ಗ್ಯಾರೇಜಿನಲ್ಲಿ ‘ಹಾರ್ಡ್’ ಅನ್ನುತ್ತಾರೆ, ಪುಸ್ತಕದವರು ‘ಗಡಸು’ ಅಂತ ಬರೆಯುತ್ತಾರೆ. ‘ಗಡಸು’ ಇಲ್ಲಿ ದಾರಿ ತಪ್ಪಿಸುವ ಪದ. ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡಿದರೆ ಸ್ಪ್ರಿಂಗ್ ಬೇಗ ಸೋಲುವುದಿಲ್ಲ, ಅಷ್ಟೇ. ಅದರಿಂದ ಅದುಮಿಕೊಳ್ಳುವುದು ಕಡಿಮೆ ಆಗುವುದಿಲ್ಲ. ಅದನ್ನು ತೀರ್ಮಾನಿಸುವುದು ತಂತಿಯ ದಪ್ಪ, ಸುತ್ತಿನ ಅಗಲ, ಕೆಲಸ ಮಾಡುವ ಸುತ್ತುಗಳ ಎಣಿಕೆ. ತಂತಿಯ ದಪ್ಪದ ಪರಿಣಾಮ ಅದರ ನಾಲ್ಕನೇ ಘಾತದಷ್ಟು. 11 ಮಿ.ಮೀ. ತಂತಿಯ ಬದಲು 12 ಮಿ.ಮೀ. ಹಾಕಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಅಷ್ಟೇ ಅದುಮಲು ಶೇ. 40ರಷ್ಟು ಜಾಸ್ತಿ ಭಾರ ಬೇಕಾಗುತ್ತೆ. 6 ಸುತ್ತಿನಲ್ಲಿ ಒಂದನ್ನು ಕತ್ತರಿಸಿ 5 ಮಾಡಿದರೆ ಶೇ. 20ರಷ್ಟು ಜಾಸ್ತಿ. ಇದರಲ್ಲಿ ಗಡಸುತನದ ಮಾತೇ ಬರಲಿಲ್ಲ ನೋಡಿ.

‘ಬಿಗಿ’ ಅನ್ನೋಣ ಅಂದರೆ ಅದು ಬೋಲ್ಟಿಗೆ ಮೀಸಲು. ಅದೂ ಈ ಅಧ್ಯಾಯದಲ್ಲಿ ಆ ಪದಕ್ಕೆ ತುಂಬಾ ಕೆಲಸವಿದೆ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ಆರ್ಮಿನ ಬುಷ್ (ಒಳಗೆ ರಬ್ಬರ್ ಇರುವ ಬಳೆ) ಬೋಲ್ಟನ್ನು ಬಿಚ್ಚಿದ್ದರೆ, ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗ ಮಾತ್ರ ಪೂರಾ ಬಿಗಿ ಮಾಡಬೇಕು. ಜಾಕಿಯ ಮೇಲಿದ್ದಾಗ ಬಿಗಿ ಮಾಡಿದರೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಇಂಥ ಸೂಚನೆಯ ಪಕ್ಕದಲ್ಲೇ ‘ಬಿಗಿ ಸ್ಪ್ರಿಂಗ್’ ಅಂದರೆ ಗೊಂದಲ. ‘ಗಟ್ಟಿ’ ಅಂದರೆ ಮುರಿಯದ್ದು. ‘ಬಿರುಸು’ ಮಳೆಗೆ ಸರಿ, ಸ್ಪ್ರಿಂಗಿಗೆ ಅಲ್ಲ.

ನನ್ನ ಸಲಹೆ ‘ಜಗ್ಗು’. ಹಲಗೆ ಜಗ್ಗುತ್ತೆ, ಮಂಚ ಜಗ್ಗಿದೆ, ತೊಲೆ ಜಗ್ಗಿದೆ. ಭಾರಕ್ಕೆ ಎಷ್ಟು ಬಗ್ಗುತ್ತೆ ಅನ್ನುವುದನ್ನೇ ಈ ಮಾತು ಹೇಳುತ್ತೆ. ‘ಯಾವುದಕ್ಕೂ ಜಗ್ಗುವವನಲ್ಲ’ ಅಂತ ಜನರ ಬಗ್ಗೆಯೂ ಅನ್ನುತ್ತೇವೆ. ‘ಈ ಸ್ಪ್ರಿಂಗ್ ಕಡಿಮೆ ಜಗ್ಗುತ್ತೆ’ ಅಂದರೆ ಶಾಲೆ ಬಿಟ್ಟು ಬಂದ ಹುಡುಗನಿಗೂ ತಿಳಿಯುತ್ತೆ. ರಾಬರ್ಟ್ ಹುಕ್ 1678ರಲ್ಲಿ ಹೇಳಿದ್ದು ಇದನ್ನೇ ಅಲ್ವಾ: ಎಷ್ಟು ಬಲವೋ ಅಷ್ಟು ಜಗ್ಗು. ಪಠ್ಯಪುಸ್ತಕದ ‘ಸ್ಥಿತಿಸ್ಥಾಪಕತ್ವ’ವನ್ನು ದಾಟಿ ನೇರವಾಗಿ ವಿಷಯಕ್ಕೆ ಬರಬಹುದು. ಉತ್ತರ ಕರ್ನಾಟಕದಲ್ಲಿ ‘ಜಗ್ಗು’ ಅಂದರೆ ಎಳೆ ಅಂತ ಜಾಸ್ತಿ ಬಳಕೆ, ಗೊತ್ತು. ಆದರೆ ಇಲ್ಲಿ ಅದು ಅಡ್ಡ ಬರುವುದಿಲ್ಲ ಅಂತ ನನ್ನ ಎಣಿಕೆ. ಎಳೆದರೂ ಅದುಮಿದರೂ ಸ್ಪ್ರಿಂಗಿನ ಲೆಕ್ಕ ಒಂದೇ. ಧಾರವಾಡ, ಗದಗ, ಬಾಗಲಕೋಟೆಯವರು ಇದನ್ನು ಓದಿ ಹೇಗೆ ಕೇಳಿಸುತ್ತೆ ಅಂತ ದಯವಿಟ್ಟು ಬರೆಯಿರಿ.

ಶಾಕ್ ಅಬ್ಸಾರ್ಬರ್ ಪದವನ್ನು ನಾನು ಮುಟ್ಟಿಲ್ಲ. ಏಟು ತಿನ್ನುವುದು ಸ್ಪ್ರಿಂಗ್, ಆಮೇಲಿನ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೇನೆ.

ಒಂದು ಪದವನ್ನು ಮಾತ್ರ ತುಂಬಾ ಎಚ್ಚರದಿಂದ ಆರಿಸಬೇಕಾಯಿತು. ಮುಂದಿನ ಸ್ಟ್ರಟ್ಟಿನ ನೆತ್ತಿಯಲ್ಲಿ ಒಂದು ನಡು ನಟ್ಟು ಇರುತ್ತೆ. ಸ್ಪ್ರಿಂಗನ್ನು ಕಂಪ್ರೆಸರಿನಿಂದ (ಸ್ಪ್ರಿಂಗ್ ಅದುಮುವ ಉಪಕರಣದಿಂದ) ಅದುಮಿ ಹಿಡಿಯದೆ ಅದನ್ನು ತೆಗೆದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು. ‘ಬಿಚ್ಚಬೇಡಿ’ ಅಂತ ಮಾತ್ರ ಬರೆದರೆ ‘ಸ್ವಲ್ಪ ಲೂಸ್ ಮಾಡಿದ್ರೆ ಪರವಾಗಿಲ್ಲ’ ಅಂತ ಓದಿಕೊಳ್ಳಬಹುದು. ‘ಸಡಿಲಿಸು’ ಬೇರೆ, ‘ಬಿಚ್ಚು’ ಬೇರೆ ಅಂತ ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ‘ಸ್ಪ್ರಿಂಗ್ ಅದುಮುವ ಮೊದಲು ನಡು ನಟ್ಟನ್ನು ಬಿಚ್ಚಬೇಡಿ, ಸಡಿಲ ಕೂಡ ಮಾಡಬೇಡಿ’ ಅಂತ ಎರಡನ್ನೂ ಬರೆದಿದ್ದೇನೆ. ‘ಅದುಮು’ ಬೇಕೋ ‘ಒತ್ತು’ ಬೇಕೋ ಅಂತ ಯೋಚಿಸಿದಾಗ ‘ಅದುಮು’ ಗೆದ್ದಿತು. ಗುಂಡಿ ಒತ್ತಿ ಬಿಡಬಹುದು. ಅದುಮಿದ್ದನ್ನು ಹಿಡಿದೇ ಇರಬೇಕು.

ಗ್ರೌಂಡ್ ಕ್ಲಿಯರೆನ್ಸಿಗೂ ಒಂದು ಮಾತು ಬೇಕು. ಜನ ‘ಅಡಿ ತಾಗುತ್ತೆ’, ‘ಹೊಟ್ಟೆ ತಾಗುತ್ತೆ’ ಅನ್ನುತ್ತಾರೆ. ಆದರೆ ‘ಅಡಿ ಎತ್ತರ’ ಅಂತ ಬರೆದರೆ ಒಂದು ಅಡಿ ಎತ್ತರ ಅಂತ ಓದಿಬಿಡುತ್ತಾರೆ. ಇದು ಮುಖ್ಯ ಯಾಕೆಂದರೆ ಇಲ್ಲಿ ಎರಡು ಅಳತೆ ಇವೆ. ಒಂದು ನೆಲದಿಂದ ಕಾರಿನ ಅತ್ಯಂತ ಕೆಳಗಿನ ಭಾಗದವರೆಗೆ. 2018ರ ಸ್ವಿಫ್ಟಿಗೆ ಇದು 163 ಮಿ.ಮೀ. ಇನ್ನೊಂದು ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ. ತಗ್ಗಿಸುವ ಮೊದಲು ಮತ್ತು ಆಮೇಲೆ ಅಳೆಯಬೇಕಾದ್ದು ಎರಡನೆಯದನ್ನು. ಟೈರಿನಲ್ಲಿ ಗಾಳಿ ಹೆಚ್ಚುಕಡಿಮೆ ಇದ್ದರೂ ಅದು ಬದಲಾಗುವುದಿಲ್ಲ. ಹಂಪಿಗೆ ತಾಗುತ್ತಾ ಅಂತ ನೋಡಲು ಮೊದಲನೆಯದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಅಂತಿತ್ತು. ನಮ್ಮೂರುಗಳ ಹಂಪು ಆ ಅಳತೆಯಲ್ಲಿ ಎಷ್ಟು ಕಡೆ ಇದೆ ಹೇಳಿ? 30 ಮಿ.ಮೀ. ತಗ್ಗಿಸಿ ನಾಲ್ಕು ಜನ ಕೂತ ಕಾರಿಗೆ ಅದೇ ದೊಡ್ಡ ಚಿಂತೆ. ಮೊದಲನೆಯದಕ್ಕೆ ‘ತಳದ ಎತ್ತರ’, ಎರಡನೆಯದಕ್ಕೆ ‘ಅಂಚಿನ ಎತ್ತರ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಕೊಡಿ.

ಕಾನೂನಿನ ಮಾತೊಂದು ಉಳಿಯಿತು. ಸೋತ ಸ್ಪ್ರಿಂಗ್ ತೆಗೆದು ಅಂಥದ್ದೇ ಹಾಕುವುದನ್ನು ‘ಬದಲಿ’ ಅಂತಲೂ, ಬೇರೆ ಥರದ್ದು ಹಾಕುವುದನ್ನು ‘ಮಾರ್ಪಾಡು’ ಅಂತಲೂ ಬರೆದಿದ್ದೇನೆ. ಇದನ್ನು ಬಿಗಿಯಾಗಿ ಪಾಲಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಿಡಿತ ಇಡುವುದು ಮಾರ್ಪಾಡಿನ ಮೇಲೆ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಮಾರ್ಪಾಡಿಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹುಡುಗರು ಕಾರಿನ ಮಾಲೀಕರಿಗೆ ಇದನ್ನು ಮೊದಲೇ ತಿಳಿಸಬೇಕು. ಬಿಲ್ಲಿನಲ್ಲಿ ಎಲ್ಲದಕ್ಕೂ ‘ಸ್ಪ್ರಿಂಗ್ ಚೇಂಜ್’ ಅಂತಲೇ ಬರೆದರೆ ಯಾವುದು ಯಾವುದು ಅಂತ ಆಮೇಲೆ ತಿಳಿಯುವುದಿಲ್ಲ.

ಕೊನೆಗೆ, ಹಳೆಯ ಪದಗಳ ಬಗ್ಗೆ ಆಸಕ್ತಿ ಇರುವವರಿಗೆ. ಬಸ್ಸು ಲಾರಿಗಳ ಪಟ್ಟಿ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದಕ್ಕೆ) ನಮ್ಮಲ್ಲಿ ಒಳ್ಳೆಯ ಹೆಸರುಗಳಿವೆ. ಉತ್ತರ ಕರ್ನಾಟಕದಲ್ಲಿ ‘ಪಾಟಾ ಕಟ್ಟಾಯ್ತು’ ಅನ್ನುತ್ತಾರೆ, ಮರಾಠಿಯಲ್ಲೂ ಅದೇ ಪದ. ಈ ಕಡೆ ‘ಬ್ಲೇಡ್ ಕಟ್ಟಾಯ್ತು’. ಹಿಂದಿಯ ‘ಕಮಾನಿ’ ಪಾರಸಿಯ ಬಿಲ್ಲಿನಿಂದ ಬಂದದ್ದು. ತಮಿಳು, ಮಲಯಾಳದಲ್ಲಿ ಸ್ಪ್ರಿಂಗ್ ಇರುವ ಎತ್ತಿನ ಗಾಡಿ ‘ವಿಲ್ಲುವಂಡಿ’, ಅಲ್ಲಿಯೂ ಬಿಲ್ಲೇ. 1893ರಲ್ಲಿ ತಿರುವಾಂಕೂರಿನಲ್ಲಿ ದಲಿತ ನಾಯಕ ಅಯ್ಯಂಕಾಳಿ ದಲಿತರಿಗೆ ಮುಚ್ಚಿದ್ದ ದಾರಿಯಲ್ಲಿ ಹೊರಟದ್ದು ಅಂಥ ವಿಲ್ಲುವಂಡಿಯಲ್ಲಿ. ನಮ್ಮ ಕಡೆ ‘ಕಮಾನು ಗಾಡಿ’ ಅನ್ನುವವರು ಮೇಲಿನ ಕಮಾನು ಚಾವಣಿಯನ್ನು ನೋಡಿ ಹಾಗೆ ಕರೆದರೋ, ಕೆಳಗಿನ ಸ್ಪ್ರಿಂಗನ್ನು ನೋಡಿಯೋ? ಮನೆಯಲ್ಲಿ ಗಾಡಿ ಹೊಡೆದ ಹಿರಿಯರಿದ್ದರೆ ಕೇಳಿ ಬರೆಯಿರಿ. ಕಮಾನು ಸ್ಪ್ರಿಂಗಿನ ಅರ್ಥದಲ್ಲಿ ಯಾವ ಊರಿನಲ್ಲಾದರೂ ಬಳಕೆಯಲ್ಲಿದ್ದರೆ, ಊರಿನ ಹೆಸರಿನ ಜೊತೆ ಕಳಿಸಿ. ಹಾಗೆಯೇ ಸೋತ ಸ್ಪ್ರಿಂಗಿಗೆ ಮಂಗಳೂರು, ಕಾರವಾರ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಏನನ್ನುತ್ತಾರೆ ಅನ್ನುವುದೂ ಬೇಕು. ಮೊದಲ ಕರಡು ಹುಡುಗರ ಕೈಗೆ ಹೋಗುವ ಮುಂಚೆ ಸೇರಿಸಿಬಿಡುತ್ತೇನೆ.