ಕ್ರಿಯಾನ್‌ನನ್ನು ಮೊದಲ ದೃಶ್ಯದಿಂದಲೇ ಖಳನಾಗಿ ಆಡಬೇಕಾ?

ರಂಗದ ಹುಚ್ಚ

ನಮ್ಮ ಹವ್ಯಾಸಿ ತಂಡ ಈ ಸಲ ಸೊಫೊಕ್ಲೀಸನ ‘ಅಂತಿಗೊನೆ’ ಕೈಗೆತ್ತಿಕೊಂಡಿದೆ. ಕ್ರಿಯಾನ್ ಪಾತ್ರ ನನ್ನ ಪಾಲಿಗೆ ಬಂದಿದೆ. ‘ಬರುವಾಗಲೇ ಹಲ್ಲು ಕಡಿದುಕೊಂಡು ಬಾ, ನೀನು ಸರ್ವಾಧಿಕಾರಿ’ ಅನ್ನುತ್ತಾರೆ ನಿರ್ದೇಶಕರು. ಆದರೆ ಆ ಮೊದಲ ಭಾಷಣ ಬಾಯಿಪಾಠ ಮಾಡುತ್ತಾ ಹೋದಂತೆ ನನಗೆ ಅದರಲ್ಲಿ ಸಿಟ್ಟೇ ಸಿಗುತ್ತಿಲ್ಲ.

ಥೀಬ್ಸ್ ನಗರವನ್ನು ಮುತ್ತಿದ್ದ ಆರ್ಗೋಸಿನ ಸೈನ್ಯ ಆಗಷ್ಟೇ ಕಾಲ್ಕಿತ್ತಿದೆ. ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಒಬ್ಬರನ್ನೊಬ್ಬರು ಕೊಂದುಕೊಂಡು ಬಿದ್ದಿದ್ದಾರೆ. ಎಟಿಯೊಕ್ಲೀಸ್ ಊರು ಉಳಿಸಲು ಹೋಗಿ ಸತ್ತವನು, ಪಾಲಿನೀಸಸ್ ಹೊರಗಿನ ದಂಡು ಕಟ್ಟಿಕೊಂಡು ಹುಟ್ಟಿದೂರನ್ನೇ ಸುಡಲು ಬಂದವನು. ಇವನ ಹೆಣವನ್ನು ಯಾರೂ ಹೂಳಕೂಡದು ಎಂದು ಹೊಸ ದೊರೆ ಕ್ರಿಯಾನ್ ಸಾರುತ್ತಾನೆ, ಸತ್ತವರ ಒಡಹುಟ್ಟಿದ ಅಂತಿಗೊನೆ ಅದನ್ನು ಮೀರಿ ಮಣ್ಣು ಹಾಕುತ್ತಾಳೆ. ಆ ಮೊದಲ ಭಾಷಣದಲ್ಲಿ ಕ್ರಿಯಾನ್ ಹೇಳುವುದಿಷ್ಟು: ನಾಡಿಗಿಂತ ತನ್ನವರೇ ದೊಡ್ಡವರು ಎಂದುಕೊಳ್ಳುವವನಿಗೆ ನನ್ನಲ್ಲಿ ಬೆಲೆಯಿಲ್ಲ, ಈ ಹಡಗು ನೆಟ್ಟಗೆ ತೇಲಿದರೆ ಮಾತ್ರ ನಮಗೆ ಸ್ನೇಹ, ನಂಟು ಎಲ್ಲ. ಇದರಲ್ಲಿ ತಪ್ಪೇನು? ಅಂದಿನ ಪ್ರೇಕ್ಷಕ ಇದನ್ನು ಕೇಳಿ ಮುಖ ಸಿಂಡರಿಸಿರುತ್ತಾನಾ? ಬಲ್ಲವರು ಹೇಳಿ.

ಗ್ರೀಕ್ ಪುಟ

ಸಿಂಡರಿಸಿರಲಾರ. ನಾಟಕ ಆಡಿದ್ದು ಸುಮಾರು ಕ್ರಿ.ಪೂ. 441ರಲ್ಲಿ. ಸುಮಾರು ನೂರು ವರ್ಷದ ಮೇಲೆ, ಕ್ರಿ.ಪೂ. 343ರಲ್ಲಿ, ಅಥೆನ್ಸಿನ ವಾಗ್ಮಿ ಡೆಮೊಸ್ತನೀಸ್ ತನ್ನ ರಾಜಕೀಯ ಎದುರಾಳಿ ಈಸ್ಕಿನೀಸ್‌ನ ಮೇಲೆ ಮೊಕದ್ದಮೆ ಹೂಡಿದಾಗ ನ್ಯಾಯಾಲಯದಲ್ಲಿ ಓದಿಸಿದ್ದು ಇದೇ ಭಾಷಣವನ್ನು. ಈಸ್ಕಿನೀಸ್ ಹಿಂದೆ ನಟನಾಗಿದ್ದವ, ಕ್ರಿಯಾನ್ ಪಾತ್ರವನ್ನೇ ಮಾಡಿದ್ದವ. ‘ವೇದಿಕೆಯ ಮೇಲೆ ಇಷ್ಟು ಸಲ ಹೇಳಿದ್ದನ್ನು ರಾಯಭಾರಿಯಾಗಿ ಹೋದಾಗ ಮರೆತೆಯಲ್ಲ’ ಎಂದು ಚುಚ್ಚಲು. ಅಂದರೆ ದೇಶಭಕ್ತನ ಬಾಯಲ್ಲಿ ಇರಬೇಕಾದ ಮಾತು ಅಂತಲೇ ಆ ಜನ ಅದನ್ನು ತಿಳಿದಿದ್ದರು.

ದ್ರೋಹಿಯ ಹೆಣಕ್ಕೆ ತಮ್ಮ ಸೀಮೆಯಾದ ಅಟಿಕಾದ ಮಣ್ಣಿನಲ್ಲಿ ಜಾಗವಿಲ್ಲ ಎಂಬ ಕಾನೂನು ಅಥೆನ್ಸಿನಲ್ಲೂ ಇತ್ತು. ಆದರೆ ಗಡಿ ದಾಟಿಸಿ ಹೂಳಲು ಅಡ್ಡಿಯಿರಲಿಲ್ಲ. ಕ್ರಿಯಾನ್ ಹೆಣವನ್ನು ಊರಾಚೆ ಬಿಸಾಡಿ, ಯಾರೂ ಮುಟ್ಟದಂತೆ ಕಾವಲು ಹಾಕುತ್ತಾನೆ. ನಾಯಿ, ಹದ್ದು ಅದನ್ನು ತಿಂದು ದೇವರ ಬಲಿಪೀಠಗಳ ಮೇಲೆ ಚೆಲ್ಲಿದವು, ಹೋಮದ ಬೆಂಕಿ ಹತ್ತುತ್ತಿಲ್ಲ ಎಂದು ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು ಹೇಳುವುದು ಅದಕ್ಕೇ.

ಹಳೇ ವಕೀಲ

ಪಾಲಿನ ದಾವೆಗಳನ್ನೇ ನಡೆಸಿ ತಲೆ ನರೆಸಿಕೊಂಡವನು ನಾನು. ನಾಟಕ ಓದುವಾಗಲೂ ಕಣ್ಣು ಮೊದಲು ಹೋಗುವುದು ‘ಇವನಿಗೆ ಈ ಹಕ್ಕು ಎಲ್ಲಿಂದ ಬಂತು?’ ಅನ್ನುವ ಕಡೆಗೆ. ನಿಮ್ಮ ಭಾಷಣದ ಶುರುವಿನಲ್ಲೇ ಅದಕ್ಕೆ ಉತ್ತರವಿದೆ, 173-174ನೇ ಸಾಲು. ಇಬ್ಬರೂ ಹೋದರು, ಸತ್ತವರಿಗೆ ಹತ್ತಿರದ ನಂಟ ನಾನು, ಹಾಗಾಗಿ ಪಟ್ಟವೂ ಅಧಿಕಾರವೂ ನನ್ನದು ಅನ್ನುತ್ತಾನೆ. ಜನ ಆರಿಸಿದ್ದಲ್ಲ, ಗೆದ್ದು ತಂದದ್ದಲ್ಲ. ಸತ್ತವರ ತಾಯಿ ಯೊಕಾಸ್ತೆಯ ಒಡಹುಟ್ಟಿದವನು ಇವನು, ಸತ್ತ ಹುಡುಗರಿಗೆ ಸೋದರಮಾವ. ವಾರಸುದಾರನಾಗಿ ಗದ್ದುಗೆ ಏರಿದ್ದಾನೆ.

ಅಥೆನ್ಸಿನಲ್ಲಿ ವಾರಸಿಕೆಯೂ ಹೆಣದ ಜವಾಬ್ದಾರಿಯೂ ಒಟ್ಟಿಗೇ ಬರುತ್ತಿದ್ದವು. ಆಸ್ತಿ ಬೇಕಾದವನು ಸಂಸ್ಕಾರಕ್ಕೂ ನಿಲ್ಲಬೇಕು. ಇಸೇಯಸ್ ಎಂಬ ವಕೀಲ ಬರೆದುಕೊಟ್ಟ ವಾರಸಿಕೆಯ ವಾದಗಳು ಉಳಿದಿವೆ, ನಮ್ಮ ಕೋರ್ಟಿನ ಕಾರಿಡಾರಿನಲ್ಲಿ ಕೇಳಿದಂತೆಯೇ ಇವೆ. ಸಿರೋನ್ ಎಂಬ ಮುದುಕನ ಆಸ್ತಿಯ ಜಗಳದಲ್ಲಿ ಮೊಮ್ಮಗ ಹೇಳುತ್ತಾನೆ: ಅಜ್ಜನ ಶವ ನನ್ನ ಮನೆಯಿಂದಲೇ ಹೊರಡಲಿ ಎಂದು ತರಲು ಹೋದೆ, ಅಜ್ಜನ ಎರಡನೆಯ ಹೆಂಡತಿ ಬೇಡಿಕೊಂಡಳೆಂದು ಅಲ್ಲೇ ಬಿಟ್ಟೆ. ಯಾಕೆ ಈ ಮಾತು? ಶವ ಯಾರ ಕೈಯಲ್ಲಿತ್ತು ಎಂಬುದೇ ಸಾಕ್ಷಿಯಾಗುತ್ತಿತ್ತು. ಇನ್ನೊಂದು ಕಾನೂನು ನೋಡಿ. ಊರಿನ ಸೀಮೆಯಲ್ಲಿ ಸತ್ತವನನ್ನು ಯಾರೂ ಎತ್ತದಿದ್ದರೆ ಆ ಊರಿನ ಮುಖ್ಯಸ್ಥ ಸಂಬಂಧಿಕರಿಗೆ ನೋಟಿಸು ಕೊಡಬೇಕು. ಅವರು ಬರದಿದ್ದರೆ ತಾನೇ ಹೂಳಿಸಿ ಖರ್ಚಿನ ದುಪ್ಪಟ್ಟು ವಸೂಲು ಮಾಡಬೇಕು! ಅಲ್ಲಿ ಸರ್ಕಾರವೇ ನಂಟರ ಬೆನ್ನು ಹತ್ತುತ್ತಿತ್ತು, ಹೂಳಿ ಅಂತ.

ಹಾಗಾಗಿ ‘ಕುಟುಂಬ ಒಂದು ಕಡೆ, ಪ್ರಭುತ್ವ ಇನ್ನೊಂದು ಕಡೆ, ಎರಡೂ ಸರಿ’ ಎಂದು ಜರ್ಮನ್ ತತ್ವಜ್ಞಾನಿ ಹೆಗೆಲ್ ಗೆರೆ ಎಳೆದದ್ದು ನನಗೆ ಒಪ್ಪಿಗೆಯಿಲ್ಲ. ಕ್ರಿಯಾನ್ ನಿಂತಿರುವುದೇ ಕುಟುಂಬದ ನೆಲದ ಮೇಲೆ. ಪಟ್ಟವನ್ನು ನಂಟಿನ ಹೆಸರಲ್ಲಿ ತೆಗೆದುಕೊಂಡ, ಶವವನ್ನು ನಾಡಿನ ಹೆಸರಲ್ಲಿ ಕೈಬಿಟ್ಟ. ಅಂತಿಗೊನೆ ಯಾರೋ ಪ್ರಜೆಯಲ್ಲ, ಅವನ ಸೋದರಸೊಸೆ, ಅವನ ಮಗ ಹೀಮನ್‌ಗೆ ಗೊತ್ತಾದ ಹುಡುಗಿ. ಅವಳು ಸಿಕ್ಕಿಬಿದ್ದಾಗ ಏನನ್ನುತ್ತಾನೆ? ಒಡಹುಟ್ಟಿದವಳ ಮಗಳೇ ಆಗಲಿ, ನಮ್ಮ ಅಂಗಳದ ಜೀಯಸ್ ದೇವರಿಗೆ ಕೈಮುಗಿಯುವ ಎಲ್ಲರಿಗಿಂತ ಹತ್ತಿರದ ರಕ್ತವೇ ಆಗಲಿ, ಬಿಡುವುದಿಲ್ಲ. ಅಂಗಳದ ಜೀಯಸ್ ಅಂದರೆ ಮನೆಯವರೆಲ್ಲ ಸೇರಿ ಪೂಜಿಸುವ ದೇವರು. ಯಾವ ನಂಟಿನಿಂದ ರಾಜನಾದನೋ ಅದನ್ನೇ ಬೈಯುತ್ತಿದ್ದಾನೆ.

ಹಲ್ಲು ಕಡಿಯಬೇಡಿ. ಕಾವಲುಗಾರ ಬಂದು ‘ಯಾರೋ ಮಣ್ಣು ಉದುರಿಸಿ ಹೋಗಿದ್ದಾರೆ’ ಅನ್ನುವವರೆಗೆ ನೀವು ಸಭ್ಯ ಯಜಮಾನ. 174ನೇ ಸಾಲನ್ನು ಮಾತ್ರ ಒತ್ತು ಕೊಡದೆ, ಎಲ್ಲರಿಗೂ ಗೊತ್ತಿರುವುದೇ ಎಂಬಂತೆ ಹೇಳಿಬಿಡಿ.

ಮಲೆನಾಡ ಓದುಗಿ

ವಕೀಲ ಸರ್, ವಾದ ಚೆನ್ನಾಗಿದೆ, ಆದರೆ ನಿಮ್ಮ ಕಕ್ಷಿದಾರಳನ್ನು ನೀವು ಪಾಟೀಸವಾಲಿಗೆ ನಿಲ್ಲಿಸಲೇ ಇಲ್ಲ. ಕುಟುಂಬನಿಷ್ಠೆ ಅಂದರೆ ಬದುಕಿರುವವರಿಗೂ ಬೇಕಲ್ಲ? ಒಡಹುಟ್ಟಿದ ಇಸ್ಮೇನಿ ಹೆದರಿ ‘ನಾವು ಹೆಂಗಸರು, ಆಳುವವರ ಜೊತೆ ಹೇಗೆ ಕಾದಾಡೋಣ’ ಅಂದದ್ದಕ್ಕೆ ಅಂತಿಗೊನೆ ಅವಳನ್ನು ದ್ವೇಷಿಸುತ್ತೇನೆ ಅನ್ನುತ್ತಾಳೆ. ಆಮೇಲೆ ಅದೇ ಇಸ್ಮೇನಿ ‘ನಾನೂ ನಿನ್ನ ಜೊತೆ ಸಾಯುತ್ತೇನೆ’ ಎಂದು ಬಂದರೆ ಹತ್ತಿರ ಸೇರಿಸುವುದಿಲ್ಲ. ಸಾಯಲು ಹೊರಟಾಗ ಮದುವೆ ತಪ್ಪಿತೆಂದು ಅಳುತ್ತಾಳೆ, ಹೀಮನ್ ಹೆಸರು ಎತ್ತುವುದಿಲ್ಲ. ಇನ್ನೂ ಮುಂದೆ ಹೋಗಿ, ಗಂಡನೋ ಮಗುವೋ ಆಗಿದ್ದರೆ ಇದನ್ನು ಮಾಡುತ್ತಿರಲಿಲ್ಲ, ಗಂಡ ಇನ್ನೊಬ್ಬ ಸಿಗುತ್ತಾನೆ, ತಂದೆತಾಯಿ ಸತ್ತ ಮೇಲೆ ಅಣ್ಣತಮ್ಮ ಸಿಗುವುದಿಲ್ಲ ಅನ್ನುತ್ತಾಳೆ. ದೈವದ ಕಾನೂನಿಗಾಗಿ ಹೂಳಿದೆ ಅಂದವಳಲ್ಲವೇ, ಇದ್ಯಾವ ದೈವದ ಕಾನೂನು? ನನಗೆ ಅವಳು ಕ್ರಿಯಾನ್‌ನಷ್ಟೇ ಹಟಮಾರಿ. ಮಾವ, ಸೊಸೆ ಒಂದೇ ಅಚ್ಚು.

ಹಳೇ ವಕೀಲ

ಅಮ್ಮಾ, ಆ ಗಂಡ-ಮಗುವಿನ ಮಾತು ಜರ್ಮನ್ ಕವಿ ಗಯಟೆಗೂ ಹಿಡಿಸಿರಲಿಲ್ಲ, ಯಾರಾದರೂ ವಿದ್ವಾಂಸ ಅದು ಪ್ರಕ್ಷಿಪ್ತ, ಅಂದರೆ ಆಮೇಲೆ ಯಾರೋ ಸೇರಿಸಿದ್ದು ಎಂದು ಸಾಬೀತು ಮಾಡಲಿ ಎಂದು ಹಾರೈಸಿದ್ದ. ಆದರೆ ಅರಿಸ್ಟಾಟಲ್ ಅದನ್ನು ಉದಾಹರಿಸಿದ್ದಾನೆ, ಅಷ್ಟು ಹಿಂದೆಯೇ ಅದು ಇತ್ತು. ಇತಿಹಾಸಕಾರ ಹೆರೊಡೊಟಸ್‌ನಲ್ಲೂ ಒಂದು ಕತೆಯಿದೆ. ಪರ್ಷಿಯಾದ ದೊರೆ ದಾರಿಯಸ್ ಒಬ್ಬಳಿಗೆ ‘ನಿನ್ನವರಲ್ಲಿ ಒಬ್ಬನನ್ನು ಬಿಡುತ್ತೇನೆ, ಯಾರು ಬೇಕು’ ಅಂದಾಗ ಅವಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಒಡಹುಟ್ಟಿದವನನ್ನು ಕೇಳುತ್ತಾಳೆ, ಕಾರಣವೂ ಇದೇ. ನನಗೆ ತೋಚುವುದು ಇಷ್ಟು: ಗಂಡ ಸತ್ತರೆ ಅವನ ಕಡೆಯವರು ಇರುತ್ತಾರೆ. ಈ ಹೆಣಕ್ಕೆ ಇದ್ದ ಒಬ್ಬನೇ ಗಂಡಸು ಸೋದರಮಾವ, ಅವನೇ ಕಾವಲು ಹಾಕಿ ಕೂತಿದ್ದಾನೆ. ಇಸ್ಮೇನಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ, ಅಲ್ಲಿ ನನ್ನ ಬಳಿ ವಾದವಿಲ್ಲ.

ಒಂದು ಸಂಗತಿ ಮಾತ್ರ ನಟರಿಗೆ ಹೇಳಬೇಕು. ಟೈರೀಸಿಯಸ್ ಹೆದರಿಸಿ ಹೋದ ಮೇಲೆ ಮೇಳದವರು ಸ್ಪಷ್ಟವಾಗಿ ಹೇಳುತ್ತಾರೆ: ಮೊದಲು ಜೀವಂತ ಮುಚ್ಚಿಸಿದ ಹುಡುಗಿಯನ್ನು ಗುಹೆಯಿಂದ ಬಿಡಿಸು, ಆಮೇಲೆ ಸತ್ತವನಿಗೆ ಸಮಾಧಿ ಮಾಡು. ಕ್ರಿಯಾನ್ ಮಾಡಿದ್ದು ಉಲ್ಟಾ. ಮೊದಲು ಹೆಣದ ಬಳಿ ಹೋಗಿ, ನಾಯಿ ತಿಂದು ಉಳಿದದ್ದನ್ನು ತೊಳೆದು, ಹಸಿ ಕೊಂಬೆ ಮುರಿದು ತಂದು ಸುಟ್ಟು, ಊರ ಮಣ್ಣಿನಲ್ಲೇ ದಿಬ್ಬ ಕಟ್ಟಿದ. ಗುಹೆ ತಲುಪುವಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಮಗ ಕತ್ತಿ ಹಿರಿದು ಅಪ್ಪನ ಮೇಲೆ ಬಿದ್ದು, ಏಟು ತಪ್ಪಿ, ತನಗೇ ಇರಿದುಕೊಂಡ.

ರಂಗದ ಹುಚ್ಚ

ಎಲ್ಲರಿಗೂ ಥ್ಯಾಂಕ್ಸ್. ನಿರ್ದೇಶಕರಿಗೆ ಇದನ್ನೆಲ್ಲ ಓದಿಸಿದೆ. 174ನೇ ಸಾಲು ಮೆಲ್ಲಗೆ ಹೇಳಲು ಒಪ್ಪಿದ್ದಾರೆ, ಹಲ್ಲು ಕಡಿಯುವುದು ಕಾವಲುಗಾರ ಬಂದ ಮೇಲೆ. ಆದರೆ ಹೆಣ ತೊಳೆದು ಸುಟ್ಟದ್ದನ್ನು ಹೇಳುವ ದೂತನ ಮಾತನ್ನು ಉದ್ದವಾಯಿತೆಂದು ಕತ್ತರಿಸಿಬಿಟ್ಟಿದ್ದಾರೆ. ಅದನ್ನು ವಾಪಸ್ ಹಾಕಿಸಲು ನಾಳೆಯ ತಾಲೀಮಿನಲ್ಲಿ ಜಗಳ ಆಡಬೇಕು.