ಮನೆ ಮಾರೋಕೆ ಹೊರಟು ತಲೆಯೂ ಕೆಟ್ಟಿದೆ, ಸೊಂಟವೂ ಹಿಡಿದಿದೆ. ನಿಮ್ಮ ಅನುಭವ ಹೇಳಿ

ಖಾಲಿ ಅಟ್ಟ:
ಹದಿನಾಲ್ಕು ವರ್ಷ ಇದ್ದ ಮನೆ ಮಾರುತ್ತಿದ್ದೇವೆ. ಬ್ರೋಕರ್ ಬೇಡ, ನಾವೇ ಮಾರೋಣ ಅಂತ ಕೂತಿದ್ದೇವೆ. ಒಂದೂವರೆ ತಿಂಗಳಿಂದ ಓದಿದ್ದೇ ಓದಿದ್ದು. ಒಬ್ಬರು ಮನೆಯೆಲ್ಲ ಪೇಂಟ್ ಮಾಡಿಸಿ ಅಂತಾರೆ, ಇನ್ನೊಬ್ಬರು ಒಂದು ಮೊಳೆ ಕೂಡ ಹೊಡೆಯಬೇಡಿ ಅಂತಾರೆ. ಉಳಿಸಿಟ್ಟ ಲಿಂಕ್ 140 ದಾಟಿದೆ, ಜಾಹೀರಾತು ಮಾತ್ರ ಇನ್ನೂ ಹಾಕಿಲ್ಲ. ಇದರ ಮಧ್ಯೆ ಅಟ್ಟದ ಸಾಮಾನು ಇಳಿಸಿ ಸೊಂಟ ಹಿಡಿದುಕೊಂಡಿದೆ. ಸ್ಟ್ರೆಚಿಂಗ್ ಮಾಡೋಣ ಅಂದರೆ ಅದರಲ್ಲೂ ಹತ್ತು ಜನ ಹತ್ತು ಮಾತು. ನೀವೆಲ್ಲ ಏನು ಮಾಡಿದಿರಿ?

ಒಸರುವ ಗೋಡೆ:
ಪೇಂಟ್ ವಿಷಯ ನನ್ನನ್ನು ಕೇಳಿ. ಬಚ್ಚಲಿನ ಆಚೆ ಗೋಡೆಯಲ್ಲಿ ಅಂಗೈಯಷ್ಟು ಕಲೆ ಇತ್ತು. ಹೇಗೂ ಮಾರುವ ಮನೆ, ಯಾಕೆ ಒಡೆಸಬೇಕು ಅಂತ ಮೇಲೆ ಎರಡು ಕೋಟ್ ಬಳಿಸಿದೆ. ಇಪ್ಪತ್ತಾರನೇ ದಿನಕ್ಕೆ ಗುಳ್ಳೆ ಎದ್ದಿತು. ಕೆರೆದು, ಪುಟ್ಟಿ ಹಾಕಿಸಿ, ಮತ್ತೆ ಬಳಿಸಿದೆ. ಅಷ್ಟರಲ್ಲಿ ಒಬ್ಬರು ಒಪ್ಪಿಕೊಂಡು ಮಾತು ಕೊಟ್ಟಿದ್ದರು. ಅವರ ಕಡೆಯ ಇಂಜಿನಿಯರ್ ಬಂದು ತೇವ ಅಳೆಯುವ ಮೀಟರ್ ಗೋಡೆಗೆ ಒತ್ತಿದರು, ಅದು ಕಿರುಚಿತು. ಕೊಳ್ಳುವವರು ಬೆಲೆ ಕೂಡ ಚೌಕಾಶಿ ಮಾಡಲಿಲ್ಲ. "ಇದನ್ನೇ ಮುಚ್ಚಿದ್ದೀರಿ ಅಂದ್ರೆ ಇನ್ನೇನೇನು ಮುಚ್ಚಿದ್ದೀರೋ" ಅಂತ ಎದ್ದು ಹೋದರು. ಆಮೇಲೆ ಟೈಲ್ಸ್ ಕಿತ್ತು, ಪೈಪಿನ ಜಾಯಿಂಟ್ ಬದಲಾಯಿಸಿ, ಗಾರೆ ಉದುರಿಸಿ, ಒಣಗೋಕೆ ಐದು ವಾರ ಬಿಟ್ಟು, ಮೂರನೇ ಸಲ ಪೇಂಟ್. ಮೊದಲೇ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರು ಪಟ್ಟು ಹೋಯಿತು. ಹಳೇ ಟೈಲ್ಸ್ ಬಣ್ಣ ಈಗ ಸಿಗಲ್ಲವಂತೆ, ಆ ಒಂದು ಗೋಡೆ ಮಾತ್ರ ಬೇರೆ ಬಣ್ಣ. ಆಮೇಲೆ ಬಂದವರೆಲ್ಲ ಮೊದಲು ಕೇಳಿದ್ದೇ ಅದನ್ನು.

ಸ್ವಂತ ಬೋರ್ಡ್:
ನಾನೇ ಮಾರಿದೆ, ಬ್ರೋಕರ್ ಇಲ್ಲದೆ. 9 ಭಾನುವಾರ, 31 ಜನ, ಎಲ್ಲ ಬರೆದಿಟ್ಟಿದ್ದೇನೆ. 12 ಜನ ಸುಮ್ನೆ ಒಳಗೆ ಹೇಗಿದೆ ನೋಡೋಣ ಅಂತ ಬಂದ ಅಕ್ಕಪಕ್ಕದವರು. 8 ಜನ ಕೊಳ್ಳುವವರ ಥರ ಬಂದ ಬ್ರೋಕರ್‌ಗಳು. 7 ಜನ ಆಮೇಲೆ ಫೋನೇ ಎತ್ತಲಿಲ್ಲ. ಉಳಿದ ನಾಲ್ವರಲ್ಲಿ ಇಬ್ಬರಿಗೆ ಲೋನ್ ಆಗಲಿಲ್ಲ, ಅದು ಗೊತ್ತಾಗೋಕೆ ಆರು ವಾರ ಹೋಯಿತು. ಅಲ್ಲಿಂದಾಚೆ ಲೋನ್ ಎಷ್ಟು ಸಿಗುತ್ತೆ ಅಂತ ಬ್ಯಾಂಕಿನವರು ಬರೆದುಕೊಟ್ಟ ಕಾಗದ ನೋಡದೆ ಬೆಲೆ ಮಾತಾಡಲೇ ಇಲ್ಲ. ಫೋಟೋ ಬೆಳಿಗ್ಗೆ ಬೆಳಕಿರುವಾಗ ತೆಗೆದೆ, ಗೋಡೆಯ ಮೇಲಿನ ಮನೆಯವರ ಫೋಟೋ ಎಲ್ಲ ಇಳಿಸಿ. ಕಮಿಷನ್ ಪೂರ್ತಿ ಉಳಿಯಿತು. ಧೈರ್ಯ ಇದ್ದವರು ಮಾಡಬಹುದು.

ಎರಡು ಕಂತು:
ಒಂಬತ್ತು ಭಾನುವಾರ ನಿಮ್ಮ ಲೆಕ್ಕದಲ್ಲಿ ಪುಕ್ಕಟೆನಾ ಸ್ವಾಮಿ? ನಮಗೂ ಧೈರ್ಯ ಇತ್ತು. ಹೊಸ ಮನೆಗೆ ಹೋಗಿ, ಹಳೇದನ್ನು ನಾವೇ ಮಾರ್ತೀವಿ ಅಂತ ಏಳು ತಿಂಗಳು ಎರಡೂ ಮನೆಯ ಕಂತು ಕಟ್ಟಿದೆವು. ಖಾಲಿ ಮನೆಗೆ ಕರೆಂಟು, ನೀರು, ಕಾವಲು ಬೇರೆ. ಅಕ್ಕಪಕ್ಕದ ಮನೆ ಹೋದ ಬೆಲೆಗಿಂತ 20% ಜಾಸ್ತಿ ಹೇಳಿದ್ದೆವು. ಮೊದಲ ಮೂರು ವಾರ ಫೋನ್ ಬಂತು, ಆಮೇಲೆ ಗಂಟಲು ಕಟ್ಟಿದ ಹಾಗೆ ಸುಮ್ಮನಾಯಿತು. ನಾಲ್ಕು ಸಲ ಇಳಿಸಿದೆವು, ಪ್ರತಿ ಸಲ 4%, ಪ್ರತಿ ಸಲವೂ ಜನ "ಏನೋ ಐಬು ಇರಬೇಕು" ಅಂದರು. ಎರಡನೇ ವಾರ ಒಬ್ಬರು ಕೇಳಿದ್ದ ಬೆಲೆಗೆ ನಾವು ನಕ್ಕಿದ್ದೆವು. ಕೊನೆಗೆ ಅದಕ್ಕಿಂತ ಕಡಿಮೆಗೆ ಕೊಟ್ಟೆವು, ಅದೂ ಬ್ರೋಕರ್ ಹಿಡಿದ ಮೇಲೆ ಐದೇ ವಾರಕ್ಕೆ. ನಮ್ಮದು ಅಂದ ಕೂಡಲೇ ಬೆಲೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತೆ. 1990ರಲ್ಲಿ ಡ್ಯಾನಿಯಲ್ ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಬರೀ ಕಾಫಿ ಕಪ್ ಕೊಟ್ಟು ಮಾಡಿದ ಪ್ರಯೋಗ ಇದೆ. ಕಪ್ ಕೈಗೆ ಬಂದವರು ಅದಕ್ಕೆ ಕೇಳಿದ ಬೆಲೆ, ಕಪ್ ಇಲ್ಲದವರು ಕೊಡ್ತೀವಿ ಅಂದ ಬೆಲೆಯ ಎರಡು ಪಟ್ಟಿಗೂ ಮೇಲೆ. ಕಪ್ಪಿಗೇ ಹೀಗಾದರೆ ಮನೆಗೆ?

ಸ್ವಂತ ಬೋರ್ಡ್:
ಬೆಲೆ ತಪ್ಪಿಟ್ಟಿದ್ದು ನೀವು, ಹಾಡಿ ಹೊಗಳೋದು ಬ್ರೋಕರನ್ನ. ಅಷ್ಟು ಹೊತ್ತಿಗೆ ನಾಲ್ಕು ಸಲ ಇಳಿದಿತ್ತಲ್ಲ, ಯಾರು ನಿಂತಿದ್ರೂ ಹೋಗ್ತಿತ್ತು. ನೀವು ಕಪ್ ತೋರಿಸಿದಿರಿ, ನಾನು ಮನೆಯನ್ನೇ ತೋರಿಸ್ತೀನಿ. ಶಿಕಾಗೋ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟದ ಲೆಕ್ಕ ತೆಗೆದು ಲೆವಿಟ್, ಸೈವರ್ಸನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದಿದ್ದಾರೆ. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಒಂಬತ್ತೂವರೆ ದಿನ ಜಾಸ್ತಿ ಕಾಯ್ತಾರೆ, ಸುಮಾರು 3.7% ಜಾಸ್ತಿ ಬೆಲೆ ತರ್ತಾರೆ. ನಿಮ್ಮ ಮನೆಗೆ ಕಾಯಲ್ಲ. ಬೆಲೆ ಸ್ವಲ್ಪ ಏರಿದರೆ ಅವರ ಕೈಗೆ ಬರೋದು ಅದರ ಚೂರು, ಅದಕ್ಕೆ.

ಎರಡು ಕಂತು:
ಅಂದರೆ ಏಜೆಂಟರಿಗೆ ಮಾರೋಕೆ ಚೆನ್ನಾಗಿ ಬರುತ್ತೆ ಅಂತ ನೀವೇ ಒಪ್ಪಿಕೊಂಡಿರಿ.

ಮೂರು ಚೀಟಿ:
ಅವರು ಹೇಳಿದ್ದು ಓದಿ ಓದಿ ತಲೆ ಕೆಟ್ಟಿದೆ ಅಂತ, ನೀವಿಬ್ಬರೂ ಇನ್ನೂ ಎರಡು ಓದೋಕೆ ಕೊಟ್ಟಿರಿ.

ನನ್ನ ಕಥೆ ಕೇಳಿ. 60 ಸಾಲಿನ ಪಟ್ಟಿ ಮಾಡಿದ್ದೆ, ಬಣ್ಣ ಬಣ್ಣದ ಕಾಲಮ್ ಹಾಕಿ. ಒಬ್ಬರು ಗಂಡ ಹೆಂಡತಿ ಎರಡು ಸಲ ಬಂದು ನೋಡಿ, ಒಂದು ಬೆಲೆ ಹೇಳಿದರು. ನಾಲ್ಕು ದಿನ ಕೊಡಿ ಅಂದೆ. ಆ ನಾಲ್ಕು ದಿನ ಏನು ಮಾಡಿದೆ ಗೊತ್ತಾ? ಮೊದಲ ಆಫರ್ ಒಪ್ಪಬೇಕಾ ಬೇಡವಾ ಅಂತ ಓದಿದೆ. ಬೇಕು ಅನ್ನೋರು ಅರ್ಧ, ಬೇಡ ಅನ್ನೋರು ಅರ್ಧ. ಐದನೇ ದಿನ ಫೋನ್ ಮಾಡಿದರೆ ಅವರು ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಅಂಥ ಆಫರ್ ಮತ್ತೆ ಬರೋಕೆ ಐದು ತಿಂಗಳು ಬೇಕಾಯಿತು. ಆಮೇಲೆ ಪಟ್ಟಿ ಅಳಿಸಿ ಮೂರೇ ಚೀಟಿ ಬರೆದೆ: ಎಷ್ಟಕ್ಕಿಂತ ಕೆಳಗೆ ಕೊಡಲ್ಲ, ಯಾವ ತಾರೀಖಿನೊಳಗೆ ಬೇಕು, ಯಾವ ರಿಪೇರಿ ಮಾಡಿಸ್ತೀನಿ. ಈ ಮೂರರಲ್ಲಿ ಒಂದನ್ನಾದರೂ ಬದಲಾಯಿಸದ ಮಾಹಿತಿ ಓದಲಿಲ್ಲ. ಸಂಜೆ ಅರ್ಧ ಗಂಟೆ ಅಷ್ಟೇ, ಅಲಾರಂ ಇಟ್ಟು. ಅನುಮಾನ ಬಂದರೆ ಓದೋದಲ್ಲ, ಪತ್ರಕ್ಕೆ ವಕೀಲರು, ಗೋಡೆಗೆ ಇಂಜಿನಿಯರ್, ಒಬ್ಬೊಬ್ಬರನ್ನೇ ಕೇಳೋದು. 140 ಲಿಂಕಿನಲ್ಲಿ ಎಷ್ಟನ್ನು ಎರಡನೇ ಸಲ ತೆರೆದಿದ್ದೀರಿ, ನಿಜ ಹೇಳಿ.

ಬೆನ್ನುಪಟ್ಟಿ:
ಸೊಂಟದ ಬಗ್ಗೆ ಯಾರೂ ಮಾತಾಡಿಲ್ಲ ಅಲ್ವಾ. ನಾನು ಪುಸ್ತಕದ 22 ಪೆಟ್ಟಿಗೆ ಒಂದೇ ದಿನ ಇಳಿಸಿದೆ. ಇಳಿಸೋಕೆ ಮೊದಲು ಜಾಣನ ಹಾಗೆ ಬಗ್ಗಿ ಕಾಲ್ಬೆರಳು ಹಿಡಿದು ಒಂದೊಂದು ಸಲ ಎರಡೆರಡು ನಿಮಿಷ ಎಳೆದೆ. ಹದಿನೇಳನೇ ಪೆಟ್ಟಿಗೆಗೆ ಬೆನ್ನಲ್ಲಿ ಟಕ್ ಅಂತು. ಮೂರು ವಾರ ಸಾಕ್ಸ್ ಹಾಕೋಕೆ ಮಗಳು ಬೇಕಾಯಿತು. ಫಿಸಿಯೋ ಹತ್ರ ಒಂಬತ್ತು ಸಲ ಹೋದೆ. ಮೈ ಬಿಸಿಯಾಗದೆ ಅಷ್ಟು ಹೊತ್ತು ಎಳೆದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಇಳಿಯುತ್ತಂತೆ. ಭಾರ ಎತ್ತುವ ಮೊದಲು ಐದು ನಿಮಿಷ ನಡೆದು, ಕೈಕಾಲು ಬೀಸಿ, ಸೊಂಟ ತಿರುಗಿಸಿ ಸಾಕು. ಹಿಡಿದು ಎಳೆಯೋದು ಕೆಲಸ ಮುಗಿದ ಮೇಲೆ, ಒಂದೊಂದನ್ನು 15ರಿಂದ 30 ಸೆಕೆಂಡ್, ಎರಡು ಮೂರು ಸಲ, ಕುಪ್ಪಳಿಸದೆ. ಮತ್ತೆ ಮಲಗೇ ಇರಬೇಡಿ. ನಾನು ಮೊದಲ ನಾಲ್ಕು ದಿನ ಮಲಗಿದ್ದಕ್ಕೇ ಇನ್ನೂ ಬಿಗಿಯಾಯಿತು. ಕಾಲು ಜೋಮು ಹಿಡಿದರೆ, ಬಲ ಹೋದರೆ, ಮೂತ್ರ ಹಿಡಿತ ತಪ್ಪಿದರೆ ಸ್ಟ್ರೆಚಿಂಗ್ ಬಿಟ್ಟು ತಕ್ಷಣ ಡಾಕ್ಟರ್.

ಸ್ವಂತ ಬೋರ್ಡ್:
ನಾನು 40 ಪೆಟ್ಟಿಗೆ ಇಳಿಸಿದೆ, ಏನೂ ಆಗಲಿಲ್ಲ. ಮಂಡಿ ಬಗ್ಗಿಸಿ ಎತ್ತಬೇಕು ಅಷ್ಟೇ.

ಬೆನ್ನುಪಟ್ಟಿ:
ನಿಮಗೆ ಏನೂ ಆಗಲ್ಲ ಸರ್. ಕಮಿಷನ್ ಕೂಡ ಆಗಲ್ಲ, ಬೆನ್ನು ನೋವೂ ಆಗಲ್ಲ. ಒಂದು ಪೆಟ್ಟಿಗೆಯಲ್ಲಿ ಏನಿತ್ತು, ದಿಂಬಾ?

ಸ್ವಂತ ಬೋರ್ಡ್:
ಪಾತ್ರೆ. ಬೇಕಿದ್ದರೆ ತೂಕ ಹಾಕಿ ಹೇಳ್ತೀನಿ.

ಒಸರುವ ಗೋಡೆ:
ಪಾತ್ರೆ ಇರಲಿ, ಮೂರು ಚೀಟಿಯವರೇ, ನಿಮ್ಮ ಇಂಜಿನಿಯರ್ ತೇವದ ಮೀಟರ್ ತಂದಿದ್ರಾ ಅಥವಾ ಬರೀ ತಟ್ಟಿ ನೋಡಿದ್ರಾ? ನನಗೆ ಈಗಲೂ ಆ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತೆ.

ಖಾಲಿ ಅಟ್ಟ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಲಿಂಕ್ ಎಲ್ಲ ಅಳಿಸಿದೆ, ಬೆಳಿಗ್ಗೆ ಜಾಹೀರಾತು ಹಾಕಿದೆ. ಮಧ್ಯಾಹ್ನ ಒಬ್ಬರು ಬಂದರು. ಅಡುಗೆಮನೆ ಮೂಲೆಯಲ್ಲಿ ಒಸರುವ ಜಾಗ ನಾನೇ ತೋರಿಸಿದೆ. ಬಗ್ಗಿ ತೋರಿಸೋಕೆ ಹೋಗಿ ಮೇಲೇಳೋಕೆ ಆಗಲಿಲ್ಲ, ಅವರೇ ಕೈ ಹಿಡಿದು ಎಬ್ಬಿಸಿದರು. ಫೋನ್ ಮಾಡ್ತೀನಿ ಅಂದಿದ್ದಾರೆ.

ಎರಡು ಕಂತು:
ಬೆಲೆ ಎಷ್ಟು ಹೇಳಿದಿರಿ? ಅಕ್ಕಪಕ್ಕದ ಮನೆ ಎಷ್ಟಕ್ಕೆ ಹೋಗಿದೆ?

ಸ್ವಂತ ಬೋರ್ಡ್:
ಅವರು ಬ್ರೋಕರ್ ಇರಬೇಕು ನೋಡಿ.