ಐ-375 ಬಗ್ಗೆ ಪತ್ರ: ಏನು ಬರೆಯೋಣ, ಹೇಳಿ

ಅಡ್ಮಿನ್, 14ನೇ ಮಹಡಿ
ಎಲ್ಲರಿಗೂ ನಮಸ್ಕಾರ. ಸುದ್ದಿ ಮುಟ್ಟಿರಬೇಕು. ಇಲ್ಲಿ ಡೆಟ್ರಾಯ್ಟಿನಲ್ಲಿ ನಮ್ಮ ಪಕ್ಕ ನೆಲ ತೋಡಿ ಹಳ್ಳದೊಳಗೆ ಹಾಕಿರೋ ಐ-375 ಹೆದ್ದಾರಿ ಇದೆಯಲ್ಲ, ಆ ಹಳ್ಳ ಮುಚ್ಚಿ ನೆಲಮಟ್ಟದ ರಸ್ತೆ ಮಾಡೋ ಯೋಜನೆಯನ್ನ ರಾಜ್ಯದವರು ಈ ವರ್ಷ (2025) ತಡೆಹಿಡಿದಿದಾರೆ. 300 ಮಿಲಿಯನ್ ಡಾಲರ್ ಅಂತಿದ್ದ ಅಂದಾಜು 500 ದಾಟಿದೆ. 2022ರಲ್ಲಿ ಕೇಂದ್ರದಿಂದ 104.6 ಮಿಲಿಯನ್ ಮಂಜೂರಾದಾಗ ಇದೇ ಗುಂಪಲ್ಲಿ ಲಡ್ಡು ಚಿತ್ರ ಹಾಕಿ ಕುಣಿದಿದ್ವಿ, ನೆನಪಿದೆಯಾ? ಈಗ ಬಡಾವಣೆ ಸಂಘದವರು ಎಲ್ಲರ ಅಭಿಪ್ರಾಯ ಒಟ್ಟುಮಾಡ್ತಿದಾರೆ. ನಮ್ಮ ಹನ್ನೊಂದು ಕನ್ನಡ ಮನೆಗಳಿಂದ ಒಂದು ಪುಟದ ಪತ್ರ ಹೋಗಲಿ ಅಂತ ನನ್ನಾಸೆ. ಭಾನುವಾರ ರಾತ್ರಿ ಕೊನೆ ಗಡುವು. ದಯವಿಟ್ಟು ಗುಡ್ ಮಾರ್ನಿಂಗ್ ಹೂವು ಹಾಕಬೇಡಿ, ವಿಷಯ ಮಾತಾಡಿ.

ಟೌನ್‌ಹೌಸ್ ಅಕ್ಕ
ಹೆದ್ದಾರಿಯಿಂದ ಲಾಫಯೆಟ್ ರಸ್ತೆಗೆ ಹತ್ತಿ ಬರೋ ಎಕ್ಸಿಟ್ ಹತ್ರ ನಡೆದು ದಾಟೋ ಕ್ರಾಸಿಂಗ್. ಹಳ್ಳ ಮುಚ್ತಾರೋ ಬಿಡ್ತಾರೋ, ಅದು ಮೊದಲು ಆಗಬೇಕು. ಮಗಳನ್ನ ಕರ್ಕೊಂಡು ಆಚೆ ಗ್ರೀಕ್‌ಟೌನ್ ಕಡೆ ಹೋಗೋಕೆ ಹಳ್ಳದ ಮೇಲಿನ ಲಾಫಯೆಟ್ ಸೇತುವೆ ದಾಟಲೇಬೇಕು. ಕೆಳಗಿಂದ ನುಗ್ಗಿ ಮೇಲೆ ಬಂದ ಡ್ರೈವರ್ ಎಡಕ್ಕೆ ಕತ್ತು ತಿರುಗಿಸಿ, ಕಾರು ಬರ್ತಿದೆಯಾ ಅಂತ ನೋಡ್ತಾನೆ. ಬಲಗಡೆ ನಿಂತಿರೋ ನಾವು ಅವನ ಪಾಲಿಗೆ ಇಲ್ಲವೇ ಇಲ್ಲ. ಜನವರಿಯಲ್ಲಿ ಇನ್ನೊಂದು ಪಾಡು. ಹಿಮ ತಳ್ಳೋ ಗಾಡಿ ರಸ್ತೆ ಮೇಲಿಂದನ್ನೆಲ್ಲ ಫುಟ್‌ಪಾತಿಗೆ ಗುಡ್ಡೆ ಹಾಕಿ ಹೋಗಿರುತ್ತೆ, ಸ್ಟ್ರಾಲರ್ ಎತ್ಕೊಂಡು ದಾಟಬೇಕು. ಸೇತುವೆಯ ಜಾಲರಿಗೆ ಒಂದು ಕಪ್ಪು ಪ್ಲಾಸ್ಟಿಕ್ ಚೀಲ ಸಿಕ್ಕಿ ಎರಡು ವರ್ಷದಿಂದ ಪಟಪಟ ಅಂತಿದೆ. ಮಗಳು ಅದಕ್ಕೆ ಕಾಗೆಯಣ್ಣ ಅಂತ ಹೆಸರಿಟ್ಟು ದಿನಾ ಟಾಟಾ ಮಾಡ್ತಾಳೆ.

9ನೇ ಮಹಡಿ
ರಾತ್ರಿ ಒಂದೂವರೆಯ ಬೈಕ್ ಸದ್ದು ಸೇರಿಸಿ. ಕಿಟಕಿ ದಂಡೆ ಮೇಲಿನ ಕಪ್ಪು ಧೂಳನ್ನೂ.

ಹುಬ್ಬಳ್ಳಿ ಮಾವ
ಮಗನ ಮನಿಗೆ ಬಂದು ಎರಡ ತಿಂಗಳಾತು, ಒಂದ ತಿಳಿವಲ್ದು ನನಗ. ಮೈಲಿ ಉದ್ದದ ರಸ್ತಾಕ್ಕ ಇಷ್ಟ್ಯಾಕ ಗದ್ದಲ? ಅದು ಎಲ್ಲಿಂದ ಎಲ್ಲಿಗೆ ಹೋಗತೈತಿ?

ಸೇತುವೆ ಎಂಜಿನಿಯರ್
ಮಾವ, ನದಿ ಪಕ್ಕದ ಜೆಫರ್ಸನ್ ಅವೆನ್ಯೂದಲ್ಲಿ ಶುರು. ಅಲ್ಲಿಂದ ಬಾಗು ತಿರುಗಿ ಉತ್ತರಕ್ಕೆ, ಲಾರ್ನೆಡ್, ಲಾಫಯೆಟ್ ಸೇತುವೆಗಳ ಅಡಿಯಲ್ಲಿ, ಹಳ್ಳದೊಳಗೇ ಓಟ. ಎಡಕ್ಕೆ ಗ್ರೀಕ್‌ಟೌನ್, ಬಲಕ್ಕೆ ನಾವು. ಗ್ರ್ಯಾಶಿಟ್ ರಸ್ತೆ ದಾಟಿದ ಮೇಲೆ ಐ-75 ಬಂದು ಕೂಡುತ್ತೆ. ಬೋರ್ಡ್ ನೋಡಿ ಗ್ರಾಟಿಯಾಟ್ ಅಂದ್ರೆ ಡೆಟ್ರಾಯ್ಟಿನವರು ನಗ್ತಾರೆ, ಹುಷಾರು. ನೇರ ಹೋದ್ರೆ ಕಾಂಕ್ರೀಟು ಅದೇ, ಹೆಸರು ಮಾತ್ರ ಐ-75. ಒಟ್ಟು 1.06 ಮೈಲಿ, 1.7 ಕಿಲೋಮೀಟರ್. ನಂಬರಿನಲ್ಲೂ ಲೆಕ್ಕ ಇದೆ: 75 ತಾಯಿ ರಸ್ತೆ, ಮುಂದಿನ ಅಂಕಿ ಬೆಸ ಆದ್ರೆ ಊರೊಳಗೆ ಚಾಚಿದ ಕವಲು, ಸಮ ಆದ್ರೆ ಸಾಮಾನ್ಯವಾಗಿ ಊರು ಸುತ್ತೋ ರಸ್ತೆ. ವಾಹನ ಓಡಾಟಕ್ಕೆ ತೆರೆದಿದ್ದು 1964ರ ಜೂನ್‌ನಲ್ಲಿ. ಸೇತುವೆಗಳೂ ಆ ಕಾಲದವೇ. ಏನೂ ಮಾಡದೆ ಸುಮ್ಮನಿದ್ರೂ ರಿಪೇರಿಗೆ ದುಡ್ಡು ಸುರಿಯಲೇಬೇಕು. ಇದನ್ನ ಪತ್ರದಲ್ಲಿ ಹಾಕಿ.

ಆಬರ್ನ್ ಹಿಲ್ಸ್ ಪ್ರಯಾಣಿಕ
ಬೈಸಿಕೊಳ್ಳೋಕೆ ತಯಾರಾಗೇ ಬರೀತಿದೀನಿ. ನಾನು ದಿನಾ ಕ್ರೈಸ್ಲರ್ ಫ್ರೀವೇ (ಈ ಐ-375, ಮುಂದಿನ ಐ-75 ಎರಡಕ್ಕೂ ಅದೇ ಹೆಸರು) ಹತ್ತಿ ಕ್ರೈಸ್ಲರ್ ಕಾರು ಕಂಪನಿಯ ಆಫೀಸಿಗೆ ಹೋಗೋನು. ಮನೆ ಬಾಗಿಲಿಂದ ಮೂರು ನಿಮಿಷಕ್ಕೆ ಐ-75 ಮೇಲಿರ್ತೀನಿ. ಅಲ್ಲಿ ನಾಲ್ಕು ಸಿಗ್ನಲ್ ಇಟ್ರೆ ನನ್ನ ಗತಿ? ಅದೂ ಅಲ್ಲದೆ ಹೊಸ ನಕ್ಷೆಯಲ್ಲಿರೋದು ಆರು ಲೇನ್, ಮೇಲೆ ತಿರುವಿನ ಲೇನ್ ಬೇರೆ. ಹಳ್ಳದಲ್ಲಿದ್ದ ಹೆದ್ದಾರಿಯನ್ನ ಎತ್ತಿ ಅಂಗಳಕ್ಕೆ ತಂದಿಟ್ಟ ಹಾಗೆ. ಅಕ್ಕನ ಮಗಳು ಅದನ್ನ ದಾಟ್ತಾಳಾ?

ರಾಚೆಸ್ಟರ್‌ನಿಂದ ಬಂದವರು
ಎರಡನೇ ಮಾತು ಸರಿ. ನಾವಿದ್ದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಇನ್ನರ್ ಲೂಪ್ ಅಂತ ಇಂಥದ್ದೇ ಹಳ್ಳದ ರಸ್ತೆ. ಅದರ ಪೂರ್ವ ಭಾಗಕ್ಕೆ 2014ರಿಂದ 2017ರೊಳಗೆ ಮಣ್ಣು ತುಂಬಿಸಿ ಸಾಧಾರಣ ಬೀದಿ ಮಾಡಿದ್ರು. ಪ್ರಳಯ ಏನೂ ಆಗಲಿಲ್ಲ, ಮನೆಗಳೆದ್ದವು. ಆದ್ರೆ ಅದು ನಿಜಕ್ಕೂ ಬೀದಿ, ಇಕ್ಕಟ್ಟಾದ ಬೀದಿ. ಕೇಳೋದಾದ್ರೆ ಅಂಥದ್ದನ್ನ ಕೇಳೋಣ.

9ನೇ ಮಹಡಿ
ಹಾಗಾದ್ರೆ ಮೂರು ಮಾತು: ಕ್ರಾಸಿಂಗ್, ಕಡಿಮೆ ಲೇನ್, ಸದ್ದು ಧೂಳು. ಮುಗೀತು. ಸಹಿ ಹಾಕಿ ಕಳಿಸಿ.

ಸಾಗರದವರು
ಮುಗೀಲಿಲ್ಲ. ಉದ್ದ ಆದ್ರೆ ಕ್ಷಮಿಸಿ.

ಆ ಹಳ್ಳ ಇರೋ ಜಾಗದಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್ ಇತ್ತು. ಕಪ್ಪು ಜನರ ಪೇಟೆ ಬೀದಿ. ನಾವಿರೋ ಈ ಕಡೆಯದೆಲ್ಲ ಬ್ಲ್ಯಾಕ್ ಬಾಟಮ್ ಅನ್ನೋ ಬಡಾವಣೆ, ಉತ್ತರಕ್ಕೆ ಪ್ಯಾರಡೈಸ್ ವ್ಯಾಲಿ. ಹೆಸರಿನಲ್ಲಿರೋ ಬ್ಲ್ಯಾಕ್ ಜನರ ಬಣ್ಣಕ್ಕಲ್ಲ, ಮಣ್ಣಿನ ಬಣ್ಣಕ್ಕೆ. ಮೊದಲು ಇಲ್ಲಿ ಉಳುತ್ತಿದ್ದ ಫ್ರೆಂಚ್ ರೈತರು ಇಟ್ಟಿದ್ದು. ಬೇರೆ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಕರಾರು ಪತ್ರದಲ್ಲೇ ಬರೀತಿದ್ದ ಕಾಲ, ಹಾಗಾಗಿ ದಕ್ಷಿಣದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರೆಲ್ಲ ಇಲ್ಲೇ ಒತ್ತೊತ್ತಾಗಿ ಸೇರಿದ್ರು. ಬಾಕ್ಸರ್ ಜೋ ಲೂಯಿ ಇಲ್ಲಿ ಬೆಳೆದವನು. ಊರಿನ ಮೊದಲ ಕಪ್ಪು ಮೇಯರ್ ಕೋಲ್ಮನ್ ಯಂಗ್ ಕೂಡ. ಹೇಸ್ಟಿಂಗ್ಸ್ ಬೀದಿಯಲ್ಲಿ ಜೋ ವಾನ್ ಬ್ಯಾಟಲ್ ಅಂತ ಒಬ್ಬರ ರೆಕಾರ್ಡ್ ಅಂಗಡಿ ಇತ್ತು. ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ತಂದೆ ಚರ್ಚಿನಲ್ಲಿ ಕೊಡ್ತಿದ್ದ ಪ್ರವಚನಗಳನ್ನ ರೆಕಾರ್ಡ್ ಮಾಡಿ ಮಾರ್ತಿದ್ದವರು ಅವರೇ. ಆ ಚರ್ಚೂ ಅದೇ ಬೀದಿಯಲ್ಲಿ, ಇನ್ನಷ್ಟು ಉತ್ತರಕ್ಕೆ. ಕ್ರೈಸ್ಲರ್ ಫ್ರೀವೇಗೆ ಅಂಗಡಿ, ಚರ್ಚು ಎರಡೂ ಹೋದವು. ಅಂಗಡಿಯನ್ನ 12ನೇ ಬೀದಿಗೆ ಸಾಗಿಸಿದ್ರು, 1967ರ ಗಲಭೆಯಲ್ಲಿ ಅದೂ ಹಾಳಾಯ್ತು.

1956ರ ಹೆದ್ದಾರಿ ಕಾಯಿದೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಖರ್ಚು ಕೇಂದ್ರದ್ದು. ಊರಿನವರಿಗೆ ಬಿಟ್ಟಿ ರಸ್ತೆ ಸಿಕ್ಕ ಹಾಗೆ. ಹೆಚ್ಚಿನವರು ಬಾಡಿಗೆದಾರರು, ಅವರಿಗೆ ಮನೆಯ ಪರಿಹಾರ ಯಾರು ಕೊಡ್ತಾರೆ? ಒಕ್ಕಲೆಬ್ಬಿಸಿದವರಿಗೆ ನೆರವು ಕೊಡಲೇಬೇಕು ಅಂತ ಕೇಂದ್ರ ಕಾನೂನು ಬಂದಿದ್ದೇ ಎಷ್ಟೋ ವರ್ಷದ ಮೇಲೆ.

ಹುಬ್ಬಳ್ಳಿ ಮಾವ
ಮಣ್ಣು ಕಪ್ಪು ಅಂದ್ರ ನಮ್ಮ ಎರಿ ಹೊಲ ಇದ್ಧಂಗ ಅನ್ರಿ. ಅಂಥಾ ಭೂಮ್ಯಾಗ ರಸ್ತಾ ತೋಡಿದ್ರು.

9ನೇ ಮಹಡಿ
ಓದಿ ಬೇಜಾರಾಯ್ತು, ನಿಜ. ಆದ್ರೆ ನಾವು ಬಂದಿದ್ದು 2019ರಲ್ಲಿ. ನಮ್ಮ ಬೈಕ್ ಸದ್ದಿನ ಪತ್ರದಲ್ಲಿ ಇದೆಲ್ಲ ಯಾಕೆ? ಓದೋರು ತಪ್ಪು ತಿಳ್ಕೊಂಡ್ರೆ?

ಸಾಗರದವರು
ನಾವಿರೋ ಮನೆಗಳೂ ಅದೇ ಜಾಗದಲ್ಲಿವೆ ಅಂತ. ಹೆದ್ದಾರಿಗಿಂತ ಮೊದಲೇ, 50ರ ದಶಕದ ಶುರುವಲ್ಲಿ, ಈ ಕಡೆ ಬೀದಿಗಳನ್ನ ನೆಲಸಮ ಮಾಡಿ ಹಾಗೇ ಬಿಟ್ಟಿದ್ರು. ಕಳೆ ಬೆಳೆದು ರ‍್ಯಾಗ್‌ವೀಡ್ ಏಕರ್ಸ್ ಅಂತ ಜನ ಆಡ್ಕೊಳ್ತಿದ್ರು. ಆಮೇಲೆ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋಹೆ ಬಂದು ಈ ಗಾಜಿನ ಟವರು, ಟೌನ್‌ಹೌಸು ಕಟ್ಟಿದ್ದು. 2015ರಲ್ಲಿ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ಕಾಗ ಕೇಕ್ ಕತ್ತರಿಸಿದ್ರಂತಲ್ಲ, ಅದೇ ಜಾಗ. ಆ ಹನಿ ಲೋಕಸ್ಟ್ ಮರಗಳ ನೆರಳು ನನಗೂ ಇಷ್ಟ. ಆದ್ರೆ ನೆರಳಲ್ಲಿ ಕೂತು ಸದ್ದು ಜಾಸ್ತಿ ಅಂತಷ್ಟೇ ಬರೆಯೋಕೆ ನನಗೆ ಕೈ ಬರಲ್ಲ.

ನನ್ನ ಮನೆ ಕಥೆ ಗೊತ್ತಿರೋರಿಗೆ ಗೊತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದೂ 1964ರಲ್ಲೇ. ನಮ್ಮಜ್ಜ ಶರಾವತಿ ದಂಡೆಯಲ್ಲಿ ಗೇಣಿಗೆ ಗದ್ದೆ ಮಾಡ್ತಿದ್ದವರು. ಗದ್ದೆಯ ಪರಿಹಾರ ಒಡೆಯರ ಹೆಸರಿಗೆ ಬಂತು, ಅಜ್ಜನಿಗೆ ಸಿಕ್ಕಿದ್ದು ಒಂದು ಲಾರಿ. ಪಾತ್ರೆ, ದನ, ಒಳಕಲ್ಲು ಹೇರಿಕೊಂಡು ಕಾಡಲ್ಲಿ ಇಳಿದ್ರು. ಇವತ್ತಿಗೂ ನಮ್ಮ ಕಡೆ ಹಕ್ಕುಪತ್ರಕ್ಕೆ ಅಲೆಯೋರಿದಾರೆ. ಹಿನ್ನೀರಿಗೆ ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ, ಅರವತ್ತೊಂದು ವರ್ಷ ಲಾಂಚಿಗೆ ಕಾದ ಮೇಲೆ. ಉದ್ಘಾಟನೆ ವಿಡಿಯೋ ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: ನಮ್ಮ ಮನೆ ಯಾವ ಕಂಬದ ಹತ್ರ ಬರುತ್ತೆ?

ಹಳ್ಳ ಮುಚ್ಚಿದ್ರೆ ಸುಮಾರು 30 ಎಕರೆ ನೆಲ ಸಿಗುತ್ತೆ, ಡೌನ್‌ಟೌನ್ ಪಕ್ಕದಲ್ಲಿ. ಅದು ಯಾರ ಕೈಗೆ ಹೋಗುತ್ತೆ ಅನ್ನೋದೇ ನನ್ನ ಪ್ರಶ್ನೆ. ಬ್ಲ್ಯಾಕ್ ಬಾಟಮ್‌ನಿಂದ ಎದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಈ ಊರಲ್ಲಿದಾರೆ. ಅವರನ್ನ ಕೇಳದೆ ಹಂಚಬೇಡಿ ಅಂತ ಒಂದು ಸಾಲು, ಪತ್ರದ ತಲೆಯಲ್ಲಿ. ಕೊನೆಯಲ್ಲಲ್ಲ.

ಟೌನ್‌ಹೌಸ್ ಅಕ್ಕ
ನನ್ನ ಕ್ರಾಸಿಂಗ್ ಎರಡನೇದಾಗಲಿ, ಪರವಾಗಿಲ್ಲ.

ಆಬರ್ನ್ ಹಿಲ್ಸ್ ಪ್ರಯಾಣಿಕ
ಇದಕ್ಕೆ ನನ್ನ ಸಹಿ ಇದೆ. ಸಿಗ್ನಲ್ ವಿಷಯದಲ್ಲಿ ಮಾತ್ರ ಇನ್ನೂ ಸಿಟ್ಟಿದೆ.

9ನೇ ಮಹಡಿ
ಅರ್ಧ ಒಪ್ಪಿದೆ. ಸಾಲು ಹಾಕಿ, ಆದ್ರೆ ಒಂದೇ ಸಾಲು. ಪ್ರಬಂಧ ಬೇಡ. ಬೈಕ್ ಬಿಟ್ರೆ ನಾನು ಸಹಿ ಹಾಕಲ್ಲ.

ಅಡ್ಮಿನ್, 14ನೇ ಮಹಡಿ
ಹೀಗೆ ಶುರು ಮಾಡಿದೀನಿ, ತಿದ್ದಿ: "ನಾವು ಬ್ಲ್ಯಾಕ್ ಬಾಟಮ್ ಇದ್ದ ನೆಲದ ಮೇಲೆ ವಾಸವಾಗಿದ್ದೇವೆ. ಹೆದ್ದಾರಿ ತೆರವಾದಾಗ ಸಿಗುವ ಭೂಮಿಯ ವಿಷಯದಲ್ಲಿ ಮೊದಲ ಮಾತು ಇಲ್ಲಿಂದ ಎಬ್ಬಿಸಲ್ಪಟ್ಟ ಕುಟುಂಬಗಳದ್ದಾಗಿರಲಿ." ಆಮೇಲೆ ಕ್ರಾಸಿಂಗ್, ಲೇನ್, ಸೇತುವೆ ರಿಪೇರಿ, ಬೈಕು.

ಸಾಗರದವರು
"ಎಬ್ಬಿಸಲ್ಪಟ್ಟ" ಬೇಡ, "ಎಬ್ಬಿಸಿದ" ಅನ್ನಿ. ಯಾರೋ ಎಬ್ಬಿಸಿದ್ರಲ್ವಾ. ಇಂಗ್ಲಿಷಿಗೆ ತರುವಾಗಲೂ ಅದು ಉಳೀಲಿ.

ಸೇತುವೆ ಎಂಜಿನಿಯರ್
ಕ್ರಾಸಿಂಗ್ ಬಗ್ಗೆ ಅಳತೆ ಇಲ್ದೆ ಬರೆದ್ರೆ ಯಾರೂ ಓದಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲಾಫಯೆಟ್ ಸೇತುವೆ ಹತ್ರ ಬನ್ನಿ. ಟೇಪ್ ನಂದು. ಮಾವ, ನೀವು ದಾಟಿ, ನಾನು ಸೆಕೆಂಡ್ ಎಣಿಸ್ತೀನಿ.

ಹುಬ್ಬಳ್ಳಿ ಮಾವ
ಮೊಣಕಾಲ ನೂಸತಾವಪ್ಪ, ಲಗೂನ ದಾಟಾಕ ಆಗೂದಿಲ್ಲ. ಸೆಕೆಂಡ್ ಭಾಳ ಆದ್ರ ಪತ್ರಕ್ಕ ಛಲೋ ಅಲ್ಲೇನು?